ಅತ್ತಿಯ ಪ್ರಶ್ನೆ, ಮೂರು ತೀರ್ಪು, ಒಂಬತ್ತು ಎಕರೆ

ಲಾ ಓದುತ್ತಿದ್ದೇನೆ ಅಂದರೆ ನಮ್ಮೂರಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. 'ಕರಿ ಕೋಟು ಯಾವಾಗ ಹಾಕ್ತಿ?' ಅನ್ನುವುದು ಒಂದು. 'ಹೆಣ್ಣುಮಕ್ಕಳಿಗೆ ಹೊಲದಾಗ ಪಾಲು ಬರ್ತೈತೇನು?' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ 'ಬರ್ತೈತಿ' ಅಂತ ಒಂದೇ ಮಾತಲ್ಲಿ ಮುಗಿಸುವವರೇ ಜಾಸ್ತಿ. ಆದರೆ ಆ ಉತ್ತರ 1990ರಲ್ಲಿ ಬೇರೆ ಇತ್ತು, 1995ರಲ್ಲಿ ಬೇರೆ, 2016ರಲ್ಲಿ ಬೇರೆ, ಈಗ ಬೇರೆ. ಅಪ್ಪ ತೀರಿಕೊಂಡದ್ದು ಯಾವಾಗ, ಮಗಳ ಮದುವೆ ಆದದ್ದು ಯಾವಾಗ ಅಂತ ಕೇಳದೆ ಬಾಯಿ ತೆರೆಯುವ ಹಾಗೇ ಇಲ್ಲ.

ನಾನೀಗ ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ವರ್ಷದಲ್ಲಿದ್ದೇನೆ. ಊರು ಹಾವೇರಿ ಕಡೆ, ಓದು ಧಾರವಾಡದಲ್ಲಿ. ಪರೀಕ್ಷೆ, ಫಲಿತಾಂಶ ಎಲ್ಲ ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದ್ದು. ಜೂನಿಯರ್‌ಗಳು ನನ್ನ ಹತ್ತಿರ ಬಂದು ಎರಡು ವಿಷಯ ಕೇಳುತ್ತಾರೆ. 'ಅಕ್ಕಾ, ಕೇಸ್ ಲಾ ಹುಡುಕೋದು ಹೇಗೆ?' ಅಂತ ಕೆಲವರು. ಕೇಸ್ ಲಾ ಅಂದರೆ ಕೋರ್ಟುಗಳು ಕೊಟ್ಟ ಹಿಂದಿನ ತೀರ್ಪುಗಳು. 'ಅಕ್ಕಾ, ಓದೋಕೆ ಮನಸ್ಸೇ ಬರ್ತಿಲ್ಲ, ಬಿಟ್ಟುಬಿಡ್ಲಾ?' ಅಂತ ಇನ್ನು ಕೆಲವರು. ಇಬ್ಬರಿಗೂ ನಾನು ಹೇಳುವುದು ಒಂದೇ: ಯಾರದಾದರೂ ಒಂದು ನಿಜವಾದ ಪ್ರಶ್ನೆ ಹಿಡಿದುಕೊಂಡು ಕೊನೆವರೆಗೆ ಹೋಗು. ಹಾಗಂದರೆ ಏನು ಅಂತ ಅವರಿಗೆ ಅರ್ಥವಾಗುವುದಿಲ್ಲ, ತಲೆ ಅಲ್ಲಾಡಿಸಿ ಹೋಗುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ವರ್ಷದ ಓದು ಹೇಗಿರುತ್ತದೆ ಅಂತ ಲಾ ಓದಿದವರಿಗೆಲ್ಲ ಗೊತ್ತು. ಜೆರಾಕ್ಸ್ ಅಂಗಡಿಯ ನೋಟ್ಸು, ಹಳೆಯ ಪ್ರಶ್ನೆ ಪತ್ರಿಕೆಗಳ ಕಟ್ಟು, ದೊಡ್ಡ ದೊಡ್ಡ ಕೇಸುಗಳ ಹೆಸರು. ಕೇಶವಾನಂದ ಭಾರತಿ ಕೇಸು ಅಂದರೆ 1973, 13 ನ್ಯಾಯಾಧೀಶರು, ಸಂವಿಧಾನದ ಮೂಲ ರಚನೆ. ಇಷ್ಟು ಬರೆದರೆ ಅಂಕ ಬರುತ್ತದೆ. ಆ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದವರು, 68 ದಿನ ವಾದ ನಡೆದು 7–6ರ ಅಂತರದಲ್ಲಿ ತೀರ್ಮಾನವಾಯಿತು ಅನ್ನುವುದೆಲ್ಲ ನೋಟ್ಸಿನಲ್ಲಿ ಇರುವುದಿಲ್ಲ. ಅಂದರೆ ಜಗಳ ಯಾರದು, ಯಾವುದಕ್ಕೆ ಅಂತ ಗೊತ್ತಿಲ್ಲದೆ ಅದರ ತೀರ್ಮಾನ ಮಾತ್ರ ಉರು ಹೊಡೆಯುತ್ತೇವೆ. ಮನಸ್ಸು ಬಾರದೆ ಇರುವುದು ಸೋಮಾರಿತನ ಅಂತ ನಾನು ನಂಬುವುದಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಓದುತ್ತಾ ಕೂತರೆ ಯಾರಿಗೆ ತಾನೇ ಮನಸ್ಸು ಬರುತ್ತದೆ?

ನನಗೆ ಪ್ರಶ್ನೆ ಸಿಕ್ಕಿದ್ದು ಮನೆಯಲ್ಲೇ. ಪಂಚಮಿಗೆ ಸೋದರತ್ತೆ ತವರಿಗೆ ಬಂದಿದ್ದರು. ಅಪ್ಪನ ಅಕ್ಕ, ನಾವು ಅತ್ತಿ ಅನ್ನುತ್ತೇವೆ. ಉಂಡಿ ಕಟ್ಟುತ್ತಾ ಕೂತವರು ನಗುನಗುತ್ತಲೇ ಕೇಳಿದರು: 'ಏನವಾ ವಕೀಲವ್ವಾ, ಈ ಹೊಲದಾಗ ನಂದೂ ಏನರ ಐತೇನು?' ಅಪ್ಪ ಅಲ್ಲೇ ಇದ್ದರು, ಕಾಕಾನೂ ಇದ್ದರು. ಎಲ್ಲರೂ ನಕ್ಕರು. ಕಾಕಾ ಮಾತನ್ನು ಮಳೆಯ ಕಡೆ ತಿರುಗಿಸಿದರು. ಅತ್ತಿ ಮತ್ತೆ ಕೇಳಲಿಲ್ಲ. ಆದರೆ ಅವರು ಕೇಳಿದ್ದು ತಮಾಷೆಗಲ್ಲ ಅಂತ ನನಗೆ ಅನ್ನಿಸಿತು. ತವರಲ್ಲಿ ಪಾಲು ಕೇಳಿದ ಹೆಣ್ಣುಮಗಳಿಗೆ ಮರುವರ್ಷ ಪಂಚಮಿಗೆ ಕರೆ ಬರುತ್ತೋ ಇಲ್ಲವೋ ಅನ್ನುವ ಭಯ ಇರುವ ಊರು ನಮ್ಮದು. ತಮಾಷೆ ಬಿಟ್ಟರೆ ಅದನ್ನು ಕೇಳುವ ದಾರಿ ಅವರಿಗೆ ಬೇರೆ ಇರಲಿಲ್ಲ.

ಹುಡುಕಾಟ ಶುರುವಾಗಬೇಕಾದದ್ದು ಲೈಬ್ರರಿಯಿಂದಲ್ಲ, ಇಂಟರ್‌ನೆಟ್ಟಿನಿಂದ ಮೊದಲೇ ಅಲ್ಲ. ಸಂಗತಿಗಳಿಂದ. ಇದನ್ನು ನನಗೆ ಕಲಿಸಿದ್ದು ನಾನು ಬೆಳಿಗ್ಗೆ ಹೋಗಿ ಕೂರುವ ಆಫೀಸಿನ ಸೀನಿಯರ್. ಕಕ್ಷಿದಾರರು ಬಂದ ಕೂಡಲೇ ಅವರು ಪುಸ್ತಕ ತೆಗೆಯುವುದಿಲ್ಲ, ಒಂದು ಬಿಳಿ ಹಾಳೆ ತೆಗೆಯುತ್ತಾರೆ. ಮೇಲೆ ವಂಶವೃಕ್ಷ, ಕೆಳಗೆ ತಾರೀಖುಗಳು. ಪಾಲು ದಾವೆಯಲ್ಲಿ ಅರ್ಧ ಕೆಲಸ ಆ ಹಾಳೆಯಲ್ಲೇ ಮುಗಿಯುತ್ತದೆ ಅನ್ನುತ್ತಾರೆ. ನಾನೂ ಹಾಗೇ ಮಾಡಿದೆ. ಅಜ್ಜನಿಂದ ಬಂದದ್ದು ಒಂಬತ್ತು ಎಕರೆ, ಅದು ಅಜ್ಜನಿಗೂ ಅವರಪ್ಪನಿಂದ ಬಂದದ್ದು. ಅಜ್ಜಿ ಮೊದಲೇ ತೀರಿಕೊಂಡಿದ್ದರು. ಅಜ್ಜ ಹೋದದ್ದು 1999ರಲ್ಲಿ. ಉಯಿಲು ಇಲ್ಲ. ಮಕ್ಕಳು ಮೂವರು: ಅತ್ತಿ, ಅಪ್ಪ, ಕಾಕಾ. ಅತ್ತಿಯ ಮದುವೆ 1988ರಲ್ಲಿ. ಅಜ್ಜ ಹೋದಮೇಲೆ ವಾರಸಾ ಮಾಡಿಸುವಾಗ, ಅಂದರೆ ವಾರಸುದಾರರ ಹೆಸರು ಹೊಲದ ದಾಖಲೆಗೆ ಏರಿಸುವಾಗ, ಅತ್ತಿಯ ಹೆಸರು ಸೇರಿಸಲಿಲ್ಲ. ಆಮೇಲೆ 2003ರಲ್ಲಿ ಅಪ್ಪ, ಕಾಕಾ ಹಿರಿಯರನ್ನು ಕೂರಿಸಿಕೊಂಡು ಬಾಯಿಮಾತಲ್ಲೇ ವಾಟ್ನಿ, ಅಂದರೆ ಹೊಲದ ಪಾಲು, ಮಾಡಿಕೊಂಡರು. ನೋಂದಣಿ ಇಲ್ಲ. ಉತಾರ (ಪಹಣಿ) ಮಾತ್ರ ಬೇರೆ ಬೇರೆ ಆಯಿತು.

ಈ ಹಾಳೆಯಲ್ಲಿರುವ ಒಂದೊಂದು ವರ್ಷವೂ ಮುಂದೆ ಒಂದೊಂದು ಕಾನೂನಿಗೆ ತಗುಲಿಕೊಳ್ಳುತ್ತದೆ. ನನಗೆ ಇದು ಆಗ ಗೊತ್ತಿರಲಿಲ್ಲ, ಗೊತ್ತಾಗುತ್ತಾ ಹೋದದ್ದೇ ಮಜಾ.

ಮೊದಲು ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956. ಅದರ 6ನೇ ಕಲಂ. ಅಂಗಡಿಯಲ್ಲಿ ಸಿಗುವ ತೆಳು ಪುಸ್ತಕದಲ್ಲಿ ಇರುವುದು 2005ರ ತಿದ್ದುಪಡಿ ಆದಮೇಲಿನ 6ನೇ ಕಲಂ. ಅಜ್ಜ ಹೋದದ್ದು 1999ರಲ್ಲಿ. ಹಾಗಾಗಿ ಹಳೆಯ 6ನೇ ಕಲಂ ಏನಿತ್ತು ಅಂತ ಹುಡುಕಬೇಕು. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಕಾನೂನು ಇವತ್ತು ಏನು ಹೇಳುತ್ತದೆ ಅನ್ನುವುದಕ್ಕಿಂತ ಆ ಘಟನೆ ನಡೆದ ದಿನ ಏನು ಹೇಳುತ್ತಿತ್ತು ಅನ್ನುವುದು ಎಷ್ಟೋ ಸಲ ಮುಖ್ಯವಾಗುತ್ತದೆ. ಕಾಯ್ದೆಗೆ ವಿವರಣೆ ಬರೆದ ಹಳೆಯ ಕಾಮೆಂಟರಿಗಳು ಲೈಬ್ರರಿಯ ಕೆಳಗಿನ ಕಪಾಟಿನಲ್ಲಿ ಇದ್ದೇ ಇರುತ್ತವೆ. ಹೊಸ ಆವೃತ್ತಿ ಬಂತು ಅಂತ ಅವನ್ನು ಯಾರೂ ಮುಟ್ಟುವುದಿಲ್ಲ. ನನಗೆ ಬೇಕಾದದ್ದು ಅಲ್ಲೇ ಸಿಕ್ಕಿತು.

ಹಳೆಯ ನಿಯಮದಲ್ಲಿ ಮಗಳು ಸಹದಾಯಾದಿ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲಿರುವವಳು, ಅಲ್ಲ. ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ. ಆದರೆ ಮಗಳಿಗೆ ಏನೂ ಇಲ್ಲ ಅನ್ನುವುದೂ ತಪ್ಪು. ಅಜ್ಜ ಸಾಯುವ ಮುಂಚಿನ ಗಳಿಗೆಯಲ್ಲಿ ವಾಟ್ನಿ ಆಗಿದೆ ಅಂತ ಕಾನೂನು ಊಹಿಸಿಕೊಳ್ಳುತ್ತದೆ. ಅಜ್ಜ, ಅಪ್ಪ, ಕಾಕಾ ಮೂವರಿಗೂ ಮೂರು ಮೂರು ಎಕರೆ. ಅಜ್ಜನ ಮೂರು ಎಕರೆ ಅವರ ಮೂರೂ ಮಕ್ಕಳಿಗೆ ಸಮವಾಗಿ ಹಂಚಿಕೆ. ಹಾಗಾಗಿ ಅಪ್ಪನಿಗೆ ನಾಲ್ಕು, ಕಾಕಾನಿಗೆ ನಾಲ್ಕು, ಅತ್ತಿಗೆ ಒಂದು. ಈ ಲೆಕ್ಕ ಬಂದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅತ್ತಿಗೆ ಅತಿ ಕಡಿಮೆ ಕೊಡುವ ಆ ಹಳೇ ಕಾನೂನು ಕೂಡ ಒಂದು ಎಕರೆ ಕೊಡುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನೂ ಕೊಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಪರೀಕ್ಷೆಗಾದರೆ ನಿಲ್ಲಿಸುತ್ತಿದ್ದೆ. ಆದರೆ 1956 ಮತ್ತು 2005ರ ನಡುವೆ ಕರ್ನಾಟಕದ್ದೇ ಒಂದು ತಿದ್ದುಪಡಿ ಇದೆ. ಕೇಂದ್ರದ ಕಾಯ್ದೆ ಓದುವಾಗ ರಾಜ್ಯದ ತಿದ್ದುಪಡಿ ಇದೆಯಾ ಅಂತ ನೋಡುವುದು ರೂಢಿಯಾಗಬೇಕು. ಎಷ್ಟೋ ಬೇರ್ ಆಕ್ಟ್‌ಗಳಲ್ಲಿ ಅದು ಇರುವುದೇ ಇಲ್ಲ. ರಾಜ್ಯದ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕರ್ನಾಟಕದ ಕಾಯ್ದೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ಈ ತಿದ್ದುಪಡಿಯ ಹೆಸರು ನೋಡಿ: ಹಿಂದೂ ಉತ್ತರಾಧಿಕಾರ (ಕರ್ನಾಟಕ ತಿದ್ದುಪಡಿ) ಕಾಯ್ದೆ, 1990. ಹೆಸರಲ್ಲಿ 1990 ಇದೆ, ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದು 1994ರ 23ನೇ ಕರ್ನಾಟಕ ಕಾಯ್ದೆ. ಹೆಸರಿನ ವರ್ಷ ನೋಡಿ ಲೆಕ್ಕ ಹಾಕಿದರೆ ನಾಲ್ಕು ವರ್ಷ ತಪ್ಪುತ್ತದೆ. ಆ ನಾಲ್ಕು ವರ್ಷದಲ್ಲಿ ಎಷ್ಟು ಹೆಣ್ಣುಮಕ್ಕಳ ಮದುವೆ ಆಗಿರಬಹುದು, ಯೋಚನೆ ಮಾಡಿ.

ಮದುವೆ ಯಾಕೆ ಮುಖ್ಯ ಅಂದರೆ, ಈ ತಿದ್ದುಪಡಿ ಮಗಳನ್ನೂ ಮಗನ ಹಾಗೆ ಸಹದಾಯಾದಿ ಮಾಡಿತು, ಆದರೆ ಅದು ಜಾರಿಗೆ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಇದೇ ದಾರಿ ಹಿಡಿದಿದ್ದವು. ಅತ್ತಿಯ ಮದುವೆ 1996ರಲ್ಲಿ ಆಗಿದ್ದರೆ ಅವರಿಗೆ ಮೂರು ಎಕರೆ. 1988ರಲ್ಲಿ ಆದದ್ದರಿಂದ ಒಂದೇ ಎಕರೆ. ಅದೇ ಅಪ್ಪ, ಅದೇ ಹೊಲ, ಅದೇ ಮಗಳು. ಅಜ್ಜ ಒಳ್ಳೆ ಸಂಬಂಧ ಬಂತು ಅಂತ ಬೇಗ ಮದುವೆ ಮಾಡಿದ್ದಕ್ಕೆ ಎರಡು ಎಕರೆ ಕಡಿಮೆ.

ಒಂದು ಪಕ್ಕದ ಮಾತು. ನಮ್ಮ ರಾಜ್ಯದಲ್ಲಿ ಹಳೆಯ ಆಸ್ತಿಯ ಕೇಸು ಹುಡುಕುವವರು ಊರು ಯಾವ ಪ್ರಾಂತ್ಯದಲ್ಲಿತ್ತು ಅಂತಲೂ ನೋಡಬೇಕು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು. ಹಾವೇರಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ನಮಗೆ ಅದು ತಾಗುವುದಿಲ್ಲ. ದಾವಣಗೆರೆಯ ಗೆಳತಿಯ ಮನೆಯ ಹಳೇ ಪಾಲಿಗೆ ಅದು ತಾಗಬಹುದು. ಅರ್ಧ ದಿನದ ಬಸ್ಸಿನ ದಾರಿಯೂ ಇಲ್ಲ ಎರಡೂ ಊರಿನ ನಡುವೆ.

ಆಮೇಲೆ 2005. ಆ ವರ್ಷದ ಸೆಪ್ಟೆಂಬರ್ 9ರಿಂದ ಹೊಸ 6ನೇ ಕಲಂ ಜಾರಿಗೆ ಬಂತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಷ್ಟೇ ಸಹದಾಯಾದಿ. ಆದರೆ ಜೊತೆಗೆ ಇನ್ನೊಂದು ತಾರೀಖು ಇದೆ: 2004ರ ಡಿಸೆಂಬರ್ 20. ಅದಕ್ಕೂ ಮೊದಲು ಆಗಿಹೋದ ವಾಟ್ನಿ, ಮಾರಾಟಗಳನ್ನು ಹೊಸ ಕಾನೂನು ಮುಟ್ಟುವುದಿಲ್ಲ. ಇದ್ಯಾಕೆ ಈ ವಿಚಿತ್ರ ತಾರೀಖು ಅಂತ ನನಗೆ ತಲೆ ಕೊರೆಯಿತು. ಮಸೂದೆ ತೆಗೆದು ನೋಡಿದರೆ ಅದು ರಾಜ್ಯಸಭೆಯಲ್ಲಿ ಮಂಡನೆಯಾದ ದಿನ. ಮಗಳಿಗೆ ಪಾಲು ಬರುತ್ತದೆ ಅಂತ ಸುದ್ದಿ ಗೊತ್ತಾದ ಮೇಲೆ ಗಡಿಬಿಡಿಯಲ್ಲಿ ವಾಟ್ನಿ ಮಾಡಿಕೊಳ್ಳುವವರನ್ನು ತಡೆಯುವುದಕ್ಕೆ ಹಾಕಿದ ಬೇಲಿ ಅದು. ಇದರ ಹಿಂದೆ 2000ದ ಕಾನೂನು ಆಯೋಗದ 174ನೇ ವರದಿ ಇದೆ. ಅದನ್ನು ಓದಿದರೆ ಕಲಂ ಒಂದರ ಹಿಂದೆ ಎಷ್ಟು ಚರ್ಚೆ ಇರುತ್ತದೆ ಅಂತ ಗೊತ್ತಾಗುತ್ತದೆ. ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿದ ಕೇರಳದ ದಾರಿ ಒಳ್ಳೆಯದಾ, ಮಗಳನ್ನು ಒಳಗೆ ಸೇರಿಸಿಕೊಂಡ ಆಂಧ್ರ, ಕರ್ನಾಟಕದ ದಾರಿ ಒಳ್ಳೆಯದಾ ಅಂತ ಅಲ್ಲಿ ತೂಗಿ ನೋಡಿದ್ದಾರೆ. ಪರೀಕ್ಷೆಗೆ ಬೇಡ, ಆದರೂ ಓದಿ. ಕಾನೂನು ಆಕಾಶದಿಂದ ಬಿದ್ದದ್ದಲ್ಲ ಅಂತ ಗೊತ್ತಾದರೆ ಅದರ ಮೇಲಿನ ಭಯ ಕಡಿಮೆಯಾಗುತ್ತದೆ.

ಈಗ ಅಸಲಿ ಪ್ರಶ್ನೆ. ಅಜ್ಜ 1999ರಲ್ಲೇ ತೀರಿಕೊಂಡಿದ್ದಾರೆ. ಅಪ್ಪನೇ ಇಲ್ಲದ ಮೇಲೆ 2005ರ ಕಾನೂನು ಮಗಳಿಗೆ ಸಿಗುತ್ತದಾ?

ಇಲ್ಲಿ ತೀರ್ಪುಗಳ ಸರದಿ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ (ಇಬ್ಬರು ನ್ಯಾಯಾಧೀಶರದು) 2010ರಲ್ಲಿ, ಪುಷ್ಪಲತಾ ಕೇಸಿನಲ್ಲಿ, ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು ಅಂದಿತು. ನೋಡಿ, ಗೆದ್ದೆವು, ಅತ್ತಿಗೆ ಮೂರು ಎಕರೆ ಅನ್ನಿಸಿತು. ಮುಂದೆ ಹೋದರೆ 2015ರ ಅಕ್ಟೋಬರ್ 16. ಪ್ರಕಾಶ್ ವಿರುದ್ಧ ಫುಲಾವತಿ. ಅದೂ ನಮ್ಮ ರಾಜ್ಯದ್ದೇ ಕೇಸು. ಹೈಕೋರ್ಟು ಫುಲಾವತಿಗೆ ಹೊಸ ಕಾನೂನಿನ ಪಾಲು ಕೊಟ್ಟಿತ್ತು. ಅವರ ತಂದೆ ತೀರಿಕೊಂಡದ್ದು 1988ರಲ್ಲಿ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ ಅದನ್ನು ಒಪ್ಪಲಿಲ್ಲ. 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು ಅಂದರು. ಅತ್ತಿಯ ಮೂರು ಎಕರೆ ಮತ್ತೆ ಒಂದು ಎಕರೆಗೆ ಇಳಿಯಿತು.

ಆಮೇಲೆ 2018ರ ಫೆಬ್ರವರಿ 1. ದಾನಮ್ಮ ವಿರುದ್ಧ ಅಮರ್. ಇದೂ ಕರ್ನಾಟಕದ್ದೇ, ಮುದ್ದೇಬಿಹಾಳದ ಕೋರ್ಟಿನಿಂದ ಹೊರಟದ್ದು. ತಂದೆ ಹೋದದ್ದು 2001ರಲ್ಲಿ, ಮೊಮ್ಮಗ ಪಾಲಿನ ದಾವೆ ಹಾಕಿದ್ದು 2002ರಲ್ಲಿ, ವಿಚಾರಣಾ ನ್ಯಾಯಾಲಯದ ಡಿಕ್ರಿ ಬಂದದ್ದು 2007ರಲ್ಲಿ. ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಸುಪ್ರೀಂ ಕೋರ್ಟು ಹೇಳಿತು. ಅದೂ ಇಬ್ಬರದೇ ಪೀಠ. ಹಾಗಂತ ಫುಲಾವತಿ ತಪ್ಪು ಅಂತಲೂ ಅಲ್ಲಿ ಹೇಳಲಿಲ್ಲ.

ಇದು ಕಾನೂನು ವಿದ್ಯಾರ್ಥಿಗೆ ಸಿಗುವ ಅತಿ ಒಳ್ಳೆಯ ಗೊಂದಲ. ಎರಡು ತೀರ್ಪು, ಎರಡೂ ಸುಪ್ರೀಂ ಕೋರ್ಟಿನವು, ಎರಡೂ ಸಮಬಲದ ಪೀಠ, ಎರಡೂ ಒಂದಕ್ಕೊಂದು ಎದುರು. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಹೇಳಿದ ಕಾನೂನು ಎಲ್ಲ ಕೋರ್ಟುಗಳಿಗೂ ಅನ್ವಯ ಅಂತ ಮೊದಲ ಸೆಮಿಸ್ಟರ್‌ನಲ್ಲಿ ಬರೆದಿರುತ್ತೇವೆ. ಹಾಗಾದರೆ 2019ರಲ್ಲಿ ಹಾವೇರಿಯ ಸಿವಿಲ್ ನ್ಯಾಯಾಧೀಶರು ಯಾವುದನ್ನು ಪಾಲಿಸಬೇಕಿತ್ತು? ಪೀಠದಲ್ಲಿ ಎಷ್ಟು ಜನ ಇದ್ದರು ಅಂತ ನೋಡುವುದು, ಹಿಂದಿನ ತೀರ್ಪನ್ನು ಹೊಸ ಪೀಠ ಒಪ್ಪಿತಾ, ಬದಿಗಿಟ್ಟಿತಾ, ಸುಮ್ನೆ ದಾಟಿಹೋಯಿತಾ ಅಂತ ನೋಡುವುದು, ಇವೆಲ್ಲ ನೋಟ್ಸಿನಲ್ಲಿ ಓದಿದರೆ ನಿದ್ದೆ ಬರುತ್ತದೆ. ಅತ್ತಿಯ ಎರಡು ಎಕರೆ ಅದರ ಮೇಲೆ ನಿಂತಿದೆ ಅಂದಾಗ ನಿದ್ದೆ ಹೋಗುತ್ತದೆ.

ಇದು ಬಗೆಹರಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಕೇಸಿನಲ್ಲಿ. ಮೂವರ ಪೀಠ. ಅದರಲ್ಲಿ ಒಬ್ಬರು ನಮ್ಮ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಅಂತ ತೀರ್ಪಾಯಿತು. ಫುಲಾವತಿ ರದ್ದು. ದಾನಮ್ಮ ಕೂಡ ಭಾಗಶಃ ರದ್ದು. ಇದನ್ನು ಗಮನಿಸಿ. ಹೆಣ್ಣುಮಕ್ಕಳ ಪರವಾಗಿ ಬಂದ ತೀರ್ಪು ಅಂತ ಇವತ್ತಿಗೂ ದಾನಮ್ಮ ಕೇಸನ್ನು ಕಣ್ಣುಮುಚ್ಚಿ ಬರೆಯುವವರಿದ್ದಾರೆ. ಹೊಸ ತೀರ್ಪಿಗೆ ಎಲ್ಲಿ ಎದುರಾಗಿದೆಯೋ ಅಲ್ಲಿ ಅದು ನಡೆಯುವುದಿಲ್ಲ. ತೀರ್ಪು ಯಾರ ಪರ ಬಂತು ಅನ್ನುವುದಷ್ಟೇ ಸಾಲದು, ಯಾವ ಕಾರಣಕ್ಕೆ ಬಂತು ಅನ್ನುವುದು ಬೇಕು.

ಅತ್ತಿಗೆ ಮತ್ತೆ ಮೂರು ಎಕರೆ. ಮುಗಿಯಿತಾ? ಇಲ್ಲ. ಆ 2003ರ ಬಾಯಿಮಾತಿನ ವಾಟ್ನಿ ಇದೆಯಲ್ಲ. ಅದು 2004ರ ಡಿಸೆಂಬರ್ 20ಕ್ಕಿಂತ ಮೊದಲಿನದು. ವಾಟ್ನಿ ಅಂದರೆ ನೋಂದಣಿಯಾದ ಪತ್ರ, ಇಲ್ಲವೇ ಕೋರ್ಟಿನ ಡಿಕ್ರಿ ಅಂತ 6ನೇ ಕಲಂನ ವಿವರಣೆಯೇ ಹೇಳುತ್ತದೆ. ಹಾಗಾಗಿ ಅತ್ತಿಯ ವಕೀಲರು ಅದು ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಆದರೆ ವಿನೀತಾ ಶರ್ಮಾ ತೀರ್ಪೇ ಒಂದು ಕಿಂಡಿ ಬಿಟ್ಟಿದೆ. ಬಾಯಿಮಾತಿನ ವಾಟ್ನಿಗೆ ಸಾರ್ವಜನಿಕ ದಾಖಲೆಗಳ ಬಲ ಇದ್ದರೆ, ಅಪರೂಪದ ಸಂದರ್ಭದಲ್ಲಿ ಒಪ್ಪಬಹುದು ಅಂತ. ಅಪ್ಪನ ವಕೀಲರು ಬೇರೆ ಬೇರೆ ಉತಾರ ತೋರಿಸುತ್ತಾರೆ. ಉತಾರ ಮಾಲೀಕತ್ವ ಕೊಡುವುದಿಲ್ಲ, ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ತಪ್ಪು ಅಂತ ಸಾಬೀತಾಗುವವರೆಗೆ ಸರಿ ಅಂತ ಭಾವಿಸುವುದಷ್ಟೇ ಅಂತ ಅತ್ತಿಯ ಕಡೆಯವರು ತಿರುಗಿ ಹೇಳುತ್ತಾರೆ. 1999ರಲ್ಲೇ ವಾರಸುದಾರಳಾಗಿದ್ದ ಅತ್ತಿಯನ್ನು ಬಿಟ್ಟು ಇಬ್ಬರೇ ಹೇಗೆ ಹಂಚಿಕೊಂಡಿರಿ ಅಂತಲೂ ಕೇಳುತ್ತಾರೆ. ದಾವೆ ಹಾಕಲು ಕಾಲಮಿತಿ ಹೇಳುವ ಲಿಮಿಟೇಷನ್ ಕಾಯ್ದೆಯ 110ನೇ ವಿಧಿ, ಹನ್ನೆರಡು ವರ್ಷ, ಪಾಲಿನಿಂದ ಹೊರಗಿಟ್ಟದ್ದು ಅತ್ತಿಗೆ ಗೊತ್ತಾದದ್ದು ಯಾವಾಗ... ಹೀಗೆ ಹೊರಟರೆ ರಾತ್ರಿ ಊಟ ತಣ್ಣಗಾಗುತ್ತದೆ.

ಅತ್ತಿಯ ಮೂರು ಎಕರೆ ಅಂದರೆ ನಮ್ಮ ಮನೆಯ ನಾಲ್ಕು ಎಕರೆ ಮೂರಕ್ಕೆ ಇಳಿಯುವುದು. ಉತಾರದಲ್ಲಿರುವ ನಾಲ್ಕೂವರೆ ಎಕರೆಯಿಂದ ಲೆಕ್ಕ ಹಾಕಿದರೆ ಒಂದೂವರೆ ಎಕರೆ ಹೋಗುತ್ತದೆ. ನಾನು ಎರಡು ಹಾಳೆ ಬರೆದೆ. ಒಂದರಲ್ಲಿ ಅತ್ತಿಯ ವಾದ, ಇನ್ನೊಂದರಲ್ಲಿ ಅಪ್ಪನ ವಾದ. ಮೂಟ್ ಕೋರ್ಟಿನಲ್ಲಿ (ಕಾಲೇಜಿನ ಅಣಕು ಕೋರ್ಟು) ಎರಡೂ ಕಡೆ ಬರೆಯಿರಿ ಅನ್ನುತ್ತಾರೆ, ಅದರ ಅರ್ಥ ನನಗೆ ಆವತ್ತು ಗೊತ್ತಾಯಿತು. ಅಪ್ಪನ ಹಾಳೆ ಬರೆಯುವಾಗಲೇ ನನಗೆ ಜಾಸ್ತಿ ಕಷ್ಟವಾಯಿತು, ಯಾಕೆಂದರೆ ಅದರಲ್ಲಿ ನನ್ನ ಲಾಭವೂ ಇತ್ತು. ಅಪ್ಪನಿಗೆ ಎರಡನ್ನೂ ಕೊಟ್ಟೆ. 'ನೀ ಯಾರ ಕಡೆ?' ಅಂದರು. 'ನನ್ನ ಕೇಳಿದ್ದು ಅತ್ತಿ' ಅಂದೆ. ಮನೆಯಲ್ಲಿ ಆಮೇಲೆ ನಡೆದದ್ದು ಇಲ್ಲಿ ಬರೆಯುವಂಥದ್ದಲ್ಲ.

ಇನ್ನು ಹುಡುಕುವ ಸಾಧನಗಳ ಬಗ್ಗೆ. ಕಾಸು ಕೊಟ್ಟು ನೋಡುವ ದೊಡ್ಡ ಡೇಟಾಬೇಸ್‌ಗಳು ಸಣ್ಣ ಊರಿನ ಕಾಲೇಜುಗಳಲ್ಲಿ ಇರುವುದು ಕಡಿಮೆ. ಅದಕ್ಕೆ ಕೊರಗಬೇಡಿ. 2008ರಿಂದ ಇರುವ ಇಂಡಿಯನ್ ಕಾನೂನ್ ಜಾಲತಾಣ ಉಚಿತ. ಅಲ್ಲಿ ಒಂದು ತೀರ್ಪನ್ನು ಆಮೇಲೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಅಂತ ನೋಡುವ ಸೌಲಭ್ಯ ಇದೆ. ನನ್ನ ಪ್ರಕಾರ ಇಡೀ ಜಾಲತಾಣದಲ್ಲಿ ಅತಿ ಬೆಲೆಬಾಳುವ ಕೊಂಡಿ ಅದೇ. ಫುಲಾವತಿ ತೀರ್ಪು ಓದಿ ಅಲ್ಲೇ ನಿಲ್ಲಿಸಿದವನು ಅತ್ತಿಗೆ ತಪ್ಪು ಉತ್ತರ ಹೇಳುತ್ತಾನೆ, ಆ ಕೊಂಡಿ ಒತ್ತಿದವನು ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಅನುವಾದದ ಕನ್ನಡ ಕೆಲವು ಕಡೆ ಮೂಲ ಇಂಗ್ಲಿಷಿಗಿಂತ ಗಟ್ಟಿ ಕಡಲೆ, ಆದರೂ ಸಂಗತಿಗಳ ಭಾಗ ತಿಳಿದುಕೊಳ್ಳೋಕೆ ಸಾಕು. ಈಗ ಬರುವ ನ್ಯೂಟ್ರಲ್ ಸೈಟೇಷನ್, ಅಂದರೆ ಕೋರ್ಟೇ ತನ್ನ ತೀರ್ಪಿಗೆ ಕೊಡುವ ಗುರುತಿನ ಸಂಖ್ಯೆ, ಕೂಡ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಹೈಕೋರ್ಟಿನದ್ದು ಕೆಎಚ್‌ಸಿ, ಧಾರವಾಡ ಪೀಠದ್ದಾದರೆ ಕೊನೆಗೆ ಡಿ, ಕಲಬುರಗಿಯದ್ದಾದರೆ ಕೆ.

ಹೆಡ್‌ನೋಟ್ ಓದಿ ಕೇಸು ಓದಿದೆ ಅನ್ನುವವರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ತೀರ್ಪಿನ ತಲೆಯಲ್ಲಿ ಸಾರಾಂಶವಾಗಿ ಹಾಕುವ ಹೆಡ್‌ನೋಟ್ ಬರೆದವರು ನ್ಯಾಯಾಧೀಶರಲ್ಲ. ಅದು ದಾರಿ ತೋರಿಸುತ್ತದೆ, 'ತೀರ್ಪಿನ ಮಾತು' ಅಂತ ಅದನ್ನು ಉಲ್ಲೇಖಿಸುವ ಹಾಗಿಲ್ಲ. ಉದ್ದದ ತೀರ್ಪು ಓದುವಾಗ ನಾನು ಮೊದಲು ಸಂಗತಿ ಓದುತ್ತೇನೆ, ಆಮೇಲೆ ಕೊನೆಯ ಆದೇಶಕ್ಕೆ ಹಾರುತ್ತೇನೆ, ಆಮೇಲೆ ನಡುವಿನದಕ್ಕೆ ಬರುತ್ತೇನೆ. ಯಾರು ಸೋತರು ಅಂತ ಗೊತ್ತಿದ್ದರೆ ಅವರ ವಾದ ಎಲ್ಲಿ ಬಿದ್ದುಹೋಯಿತು ಅಂತ ಹುಡುಕುತ್ತಾ ಓದಬಹುದು. ಸೋತವರ ವಾದವನ್ನು ನನ್ನ ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಲು ಬಂದರೆ ಕೇಸು ಅರ್ಥವಾಗಿದೆ ಅಂತ ಲೆಕ್ಕ. ಬರದಿದ್ದರೆ ಮತ್ತೆ ಓದುವುದು.

ಹೊಸ ಕ್ರಿಮಿನಲ್ ಕಾಯ್ದೆಗಳು ಬಂದಮೇಲೆ ಇನ್ನೊಂದು ತಲೆನೋವು. 2024ರ ಜುಲೈ 1ಕ್ಕೆ ಮೊದಲು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, 482ನೇ ಕಲಂ ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಎಫ್‌ಐಆರ್ ರದ್ದು ಮಾಡಿಸೋಕೆ ಹೋಗುವ ಕಲಂ. ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು. ಆ ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಕಲಂ ಸಂಖ್ಯೆ ಟೈಪ್ ಮಾಡಿ ಹುಡುಕುವವರಿಗೆ ಹಳೆಯದೂ ಹೊಸದೂ ಕಲಸಿಕೊಂಡು ಬರುತ್ತದೆ. ಸಂಖ್ಯೆಯ ಜೊತೆ ಕಾಯ್ದೆಯ ಹೆಸರು, ತೀರ್ಪಿನ ತಾರೀಖು ನೋಡಿಯೇ ಮುಂದೆ ಹೋಗಬೇಕು.

ಚಾಟ್‌ಬಾಟ್ ಬಗ್ಗೆ ಕೇಳದ ಜೂನಿಯರ್ ಇಲ್ಲ. ಇಲ್ಲದ ಕೇಸುಗಳನ್ನು ಅದು ಸೈಟೇಷನ್ ಸಮೇತ ಹುಟ್ಟಿಸಿ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ ಇದೇ ಕಾರಣಕ್ಕೆ 5,000 ಡಾಲರ್ ದಂಡ ಬಿತ್ತು. ಯಾವುದೇ ಚಾಟ್‌ಬಾಟ್ ಕೊಟ್ಟ ಹೆಸರನ್ನು ನಾನು ಸುಳಿವು ಅಂತ ಮಾತ್ರ ತೆಗೆದುಕೊಳ್ಳುತ್ತೇನೆ, ಮೂಲ ತೀರ್ಪು ಕಣ್ಣಾರೆ ಕಾಣುವವರೆಗೆ ಬರೆಯುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅತ್ತಿಯ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದರೆ ಐದು ಸಾಲಿನ ಉತ್ತರ ಬರುತ್ತಿತ್ತು, ಸರಿಯಾದ ಉತ್ತರವೇ ಬರಬಹುದಿತ್ತು. ಆದರೆ 1994ರ ಜುಲೈ 30 ನನ್ನ ತಲೆಯಲ್ಲಿ ಕೂರುತ್ತಿರಲಿಲ್ಲ. ಹುಡುಕುವ ಕೆಲಸ ತಪ್ಪಿಸಿಕೊಂಡವರಿಗೆ ಓದಿನ ಮೇಲಿನ ಆಸೆ ಉಳಿಯುವುದು ಕಷ್ಟ.

ಮನಸ್ಸು ಬಾರದ ದಿನಗಳ ಬಗ್ಗೆ ಇನ್ನೂ ಸ್ವಲ್ಪ. ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ ಅನ್ನುವ ವಿಡಿಯೊಗಳಿಂದ ನನಗೇನೂ ಆಗಿಲ್ಲ. ಎಲ್ಲ ವಿಷಯಕ್ಕೂ ಒಬ್ಬ ಅತ್ತಿ ಸಿಗುವುದೂ ಇಲ್ಲ. ಇನ್‌ಕಮ್ ಟ್ಯಾಕ್ಸ್ ನನಗೆ ಇವತ್ತಿಗೂ ಒಗ್ಗಿಲ್ಲ, ನೋಟ್ಸು ಉರು ಹೊಡೆದೇ ಪಾಸಾದದ್ದು. ಸಿವಿಲ್ ಪ್ರೊಸೀಜರ್ ಕೋಡ್ ಕೂಡ ಹಾಗೇ ಇತ್ತು, ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಶುರು ಮಾಡುವವರೆಗೆ. ಒಂದು ದಾವೆ 'ಸಮನ್ಸ್ ಜಾರಿಯಾಗಿಲ್ಲ' ಅಂತ ಮತ್ತೆ ಮತ್ತೆ ವಾಯಿದೆ ಹೋಗುವುದನ್ನು ನೋಡಿದಮೇಲೆ ಸಮನ್ಸಿನ ಆ 5ನೇ ಆದೇಶ ತಾನಾಗೇ ನೆನಪಿರುತ್ತದೆ. ಕೋರ್ಟಿಗೆ ಹೋಗೋಕೆ ಯಾರ ಅನುಮತಿಯೂ ಬೇಡ. ತೆರೆದ ಕೋರ್ಟು ಅಂದರೆ ತೆರೆದ ಕೋರ್ಟು.

ಇಂಗ್ಲಿಷಿನ ಅಂಜಿಕೆಯೂ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಬೆಂಗಳೂರು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಹುಡುಗರ ಲೇಖನ ನೋಡಿ ನಾವೆಲ್ಲಿ ಅವರೆಲ್ಲಿ ಅಂತ ಕುಗ್ಗುತ್ತಾರೆ. ಅವರಿಗೆ ನಾನು ದಾನಮ್ಮ ಕೇಸಿನ ದಾರಿ ತೋರಿಸುತ್ತೇನೆ. ಅದು ಶುರುವಾದದ್ದು ಮುದ್ದೇಬಿಹಾಳದಲ್ಲಿ. ನಮ್ಮ ತಾಲೂಕು ಕೋರ್ಟುಗಳಲ್ಲಿ ಸಾಕ್ಷಿ ಕನ್ನಡದಲ್ಲಿ ನುಡಿಯುತ್ತದೆ, ಉತಾರ ಕನ್ನಡದಲ್ಲಿ ಇರುತ್ತದೆ, ಹಿರಿಯರ ವಾಟ್ನಿ ಮಾತು ಕನ್ನಡದಲ್ಲೇ ಆಗಿರುತ್ತದೆ. ಮೇಲಿನ ಕೋರ್ಟಿಗೆ ಹೋದಮೇಲೆ ಇಂಗ್ಲಿಷ್. ಬುಡದಲ್ಲಿರುವ ದಾಖಲೆ ಓದಿ ಅರ್ಥ ಮಾಡಿಕೊಳ್ಳುವವರು ನಾವು. 'ವಾರಸಾ' ಅಂದರೇನು, 'ಅರಿಶಿನ ಕುಂಕುಮಕ್ಕೆ ಬಿಟ್ಟ ಹೊಲ' ಅಂದರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಓದುತ್ತಾ ಓದುತ್ತಾ ಬರುತ್ತದೆ. ನಾನು ವಿನೀತಾ ಶರ್ಮಾ ತೀರ್ಪನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಓದಿದ್ದು.

ಭಾನುವಾರ ಸಂಜೆ ನಾವು ಕೆಲವರು ಕೂತು ಒಬ್ಬೊಬ್ಬರ ಊರಿನ ಒಂದೊಂದು ಪ್ರಶ್ನೆ ತೆಗೆದುಕೊಳ್ಳುತ್ತೇವೆ. ಒಬ್ಬನದು ಇನಾಂ ಜಮೀನು, ಇನ್ನೊಬ್ಬಳದು ಅಪಘಾತ ಪರಿಹಾರ, ಮತ್ತೊಬ್ಬನ ಅಣ್ಣನದು ಚೆಕ್ ಬೌನ್ಸ್. ಬ್ಯಾಕ್‌ಲಾಗ್ ಇದ್ದವನೂ ಬರುತ್ತಾನೆ, ಮೊದಲು ಬರುವವನೇ ಅವನು.

ಈಗ ನನ್ನ ಕೈಯಲ್ಲಿರುವುದು ಅತ್ತಿಯದೇ ಎರಡನೇ ಪ್ರಶ್ನೆ. ಮೊನ್ನೆ ಫೋನಿನಲ್ಲಿ ಕೇಳಿದರು: 'ನಂಗ ಬಂದ್ರ, ನನ್ನ ಹಿಂದ ಅದು ಯಾರಿಗೆ ಹೋಗ್ತೈತಿ?' ಅತ್ತಿಗೆ ಮಕ್ಕಳಿಲ್ಲ. ಹೆಂಗಸಿನ ಆಸ್ತಿ ಯಾರಿಗೆ ಅನ್ನುವುದು ಅದೇ ಕಾಯ್ದೆಯ 15ನೇ ಕಲಂ. ಸಾಮಾನ್ಯವಾಗಿ ಗಂಡ, ಅವನೂ ಇಲ್ಲದಿದ್ದರೆ ಗಂಡನ ವಾರಸುದಾರರು. ಆದರೆ ತಂದೆಯಿಂದ ಬಂದ ಆಸ್ತಿಯಾದರೆ, ಮಕ್ಕಳಿಲ್ಲದಾಗ ಅದು ತಂದೆಯ ವಾರಸುದಾರರಿಗೆ ತಿರುಗಿ ಹೋಗುತ್ತದೆ. ಈಗ ನೋಡಿ: ಹುಟ್ಟಿನಿಂದಲೇ ಬಂದ ಸಹದಾಯಾದಿಯ ಪಾಲನ್ನು 'ತಂದೆಯಿಂದ ಬಂದದ್ದು' ಅನ್ನಬಹುದಾ? ಅನ್ನಬಹುದಾದರೆ ಆ ಹೊಲ ತಿರುಗಿ ನಮ್ಮ ಮನೆಗೇ ಬರುತ್ತದೆ, ಅನ್ನಬಾರದಾದರೆ ಅತ್ತಿಯ ಗಂಡನ ಮನೆಗೆ. ಅತ್ತಿ ಉಯಿಲು ಬರೆದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅದನ್ನು ಫೋನಿನಲ್ಲೇ ಹೇಳಿದೆ. ಉಳಿದದ್ದಕ್ಕೆ ನಾಳೆ ಹಳೆಯ ಕಾಮೆಂಟರಿಗಳ ಕಪಾಟು ನೋಡಬೇಕು.